ನಾನೇ ಅಳೆದು ಕೊಟ್ಟ ಕೋಣೆ

ಅರ್ಜಿಯ ಜೊತೆ ಮನೆಯ ನಕ್ಷೆಯನ್ನೂ ಬರೆದು ಲಗತ್ತಿಸುವುದು ನಾನೇ ಮಾಡಿಕೊಂಡ ಪದ್ಧತಿ. ಕೌಟುಂಬಿಕ ಹಿಂಸೆಯ ಕಾಯ್ದೆ ಅದನ್ನು ಕೇಳುವುದಿಲ್ಲ. ಹೊಡೆತ ತಿಂದ ಹೆಂಗಸಿಗೆ ಗಂಡನ ಮನೆಯಲ್ಲೇ ವಾಸಿಸುವ ಹಕ್ಕಿದೆ ಎಂದು ಕಾಯ್ದೆ ಹೇಳುತ್ತದೆ, ನ್ಯಾಯಾಲಯವೂ ವಾಸಕ್ಕೆ ಅವಕಾಶ ಕೊಡಬೇಕೆಂದು ಆದೇಶಿಸುತ್ತದೆ. ಆದರೆ ಮನೆಯ ಯಾವ ಭಾಗದಲ್ಲಿ ಎಂದು ಬರೆಯದಿದ್ದರೆ ಮನೆಯವರು ಜಗುಲಿಯ ಮೂಲೆ ತೋರಿಸುತ್ತಾರೆ, ಇಲ್ಲವೆ ಕಟ್ಟಿಗೆ ಒಟ್ಟುವ ಮಾಡು ತೋರಿಸುತ್ತಾರೆ. ಎರಡು ಸಲ ಹೀಗಾದ ಮೇಲೆ ನಾನು ಚೀಲದಲ್ಲಿ ಅಳತೆಯ ಟೇಪು ಇಟ್ಟುಕೊಂಡು ತಿರುಗತೊಡಗಿದೆ. ಕೋಣೆಯ ಉದ್ದಗಲ, ಬಾಗಿಲು ಎತ್ತ ತೆರೆಯುತ್ತದೆ, ಚಿಲಕ ಒಳಗಿದೆಯೋ ಹೊರಗಿದೆಯೋ, ನೀರು ಎಷ್ಟು ದೂರ, ಎಲ್ಲವೂ ನನ್ನ ನಕ್ಷೆಯಲ್ಲಿ ಇರುತ್ತಿತ್ತು. ಇಷ್ಟಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಬೇರೆ ತಾಲೂಕಿನವರು ಫೋನು ಮಾಡಿ ಹೇಗೆ ಬರೆಯುತ್ತೀರಿ ಎಂದು ಕೇಳಿದರೆ ಎರಡು ದಿನ ಖುಷಿಯಲ್ಲಿರುತ್ತಿದ್ದೆ.

ನಾನು ಶಿರಸಿಯಲ್ಲಿ ಅಂಗನವಾಡಿಗಳ ಮೇಲುಸ್ತುವಾರಿ ನೋಡುವ ಅಧಿಕಾರಿ. ಆ ಹುದ್ದೆಗೆ ಸಂರಕ್ಷಣಾಧಿಕಾರಿ ಎಂಬ ಹೊಣೆಯೂ ಅಂಟಿಕೊಂಡು ಬರುತ್ತದೆ. ಹಿಂಸೆಗೆ ಒಳಗಾದ ಹೆಂಗಸಿನ ಮಾತು ಕೇಳಿ ವರದಿ ಬರೆದು ನ್ಯಾಯಾಲಯಕ್ಕೆ ಮುಟ್ಟಿಸುವುದು ಆ ಹೊಣೆ. ಆ ವರ್ಷ ಸಿದ್ದಾಪುರದ ಹುದ್ದೆ ಖಾಲಿಯಿದ್ದದ್ದರಿಂದ ಅದೂ ನನ್ನ ತಲೆಗೇ ಬಿದ್ದಿತ್ತು. ನನ್ನ ಊರು ಹಾನಗಲ್ಲ ಕಡೆಯದು. ಘಟ್ಟದ ಮೇಲಿನ ಈ ಸೀಮೆಗೆ ಬಂದು ನಾಲ್ಕು ವರ್ಷವಾಗಿತ್ತು, ಇಲ್ಲಿನ ಜನರನ್ನು ಓದಿ ಮುಗಿಸಿದ್ದೇನೆ ಎಂಬ ಭ್ರಮೆ ಬರಲು ಅಷ್ಟು ಸಾಕು.

ಆಕೆ ಬಂದದ್ದು ಕಬ್ಬು ಅರೆಯುವ ದಿನಗಳಲ್ಲಿ. ಮೂವತ್ತೆರಡರ ಹೆಂಗಸು. ತವರು ಯಲ್ಲಾಪುರ ತಾಲೂಕಿನಲ್ಲಿ, ಉಮ್ಮಚಗಿಯ ಹತ್ತಿರ. ಗಂಡನ ಮನೆ ಸಿದ್ದಾಪುರ ತಾಲೂಕಿನ ಮನ್ಮನೆಯಿಂದ ಇನ್ನೂ ಒಳಗೆ, ಬಸ್ಸು ಇಳಿದು ಅರ್ಧ ತಾಸು ನಡೆಯಬೇಕಾದ ಊರು. ಆ ಊರಿನ ಹೆಸರು ಬೇಡ. ಗಂಡ ಒಂದು ಸೊಸೈಟಿಯಲ್ಲಿ ಗುಮಾಸ್ತ, ಊರಿಗೆಲ್ಲ ಬೇಕಾದವನು, ಸಿಟ್ಟು ಮನೆಯೊಳಗೆ ಮಾತ್ರ. ಆಕೆಯ ಎಡ ಮಣಿಕಟ್ಟು ಹಿಂದೆಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದನ್ನು ಬರೆಯಹೋದರೆ, ಅದು ಹಳೆಯದು, ಅದು ಬೇಡ ಎಂದು ತಡೆದು, ಹೊಸದನ್ನು ತೋರಿಸಿದಳು. ಎರಡು ತಿಂಗಳು ಮಗಳನ್ನು ಕರೆದುಕೊಂಡು ತವರಿನಲ್ಲಿ ಇದ್ದು ಬಂದಿದ್ದಳು. ಅಣ್ಣ ಕೆಟ್ಟವನಲ್ಲ, ಮೂರು ಕೋಣೆಯ ಮನೆಯಲ್ಲಿ ಏಳು ಜನರಿದ್ದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಮಾತನ್ನು ಅಲ್ಲಿ ಯಾರೂ ಆಡಿ ತೋರಿಸಲಿಲ್ಲವಂತೆ, ಮೂರನೆಯ ತಿಂಗಳ ಮೊದಲ ವಾರ ಅಣ್ಣನೇ ಬಸ್ಸಿನ ತನಕ ಬಂದು ಬಿಟ್ಟುಹೋದನಂತೆ.

ವರದಿಯ ನಮೂನೆಯಲ್ಲಿ, ಯಾವ ಪರಿಹಾರ ಬೇಕು ಎಂದು ಕೇಳುವ ಒಂದು ಭಾಗವಿದೆ. ಬಹಳ ಹೆಂಗಸರು ಅಲ್ಲಿಗೆ ಬಂದಾಗ ಅಳುತ್ತಾರೆ. ಈಕೆ ಮೊದಲೇ ಯೋಚಿಸಿಕೊಂಡು ಬಂದಿದ್ದಳು.

"ನಂಗೆ ಬಿಡುಗಡೆ ಬೇಡ ಮೇಡಂ, ಪೊಲೀಸ್ ಕೇಸೂ ಬೇಡ. ಮಗಳೂ ನಾನೂ ಮಲಗ್ಲಿಕ್ಕೆ ಬಾಗಿಲು ಹಾಕ್ಕೊಳ್ಳೋ ಅಂಥ ಒಂದು ಜಾಗ, ಗಡಿಗೆ ಕೂರಿಸ್ಲಿಕ್ಕೆ ಒಂದು ಒಲೆ. ಅಷ್ಟು ಮಾಡಿಕೊಡಿ. ಹೊಟ್ಟೆ ನಾನು ನೋಡ್ಕೊಳ್ತೇನೆ."

ಗಡಿಗೆ ಎಂದರೆ ತೊಡದೇವು ಎಂಬ ಸಿಹಿ ತಿಂಡಿ ಮಾಡುವ ಗಡಿಗೆ. ಒಲೆಯ ಮೇಲೆ ಮಣ್ಣಿನ ಗಡಿಗೆಯನ್ನು ಬೋರಲು ಹಾಕಿ ಕಾಯಿಸಿ, ಕಬ್ಬಿನ ಹಾಲಿನಲ್ಲಿ ಕದಡಿದ ಅಕ್ಕಿ ಹಿಟ್ಟಿಗೆ ಬಟ್ಟೆ ಅದ್ದಿ, ಗಡಿಗೆಯ ಬೆನ್ನ ಮೇಲೆ ಒಂದೇ ಎಳೆತಕ್ಕೆ ತೊಡೆಯಬೇಕು. ಕಾಗದಕ್ಕಿಂತ ತೆಳುವಾದ ಹಾಳೆ ಏಳುತ್ತದೆ. ಅದನ್ನು ಬಿಸಿಯಿರುವಾಗಲೇ ಮಡಚಬೇಕು, ಒಂದು ಕ್ಷಣ ತಡವಾದರೆ ಪುಡಿ. ಆಕೆ ಸೊಟ್ಟ ಕೈಯಲ್ಲೇ ಅದನ್ನು ಮಾಡುತ್ತಿದ್ದಳು. ಊರಿನ ಮಹಿಳಾ ಸಂಘ ಅದನ್ನು ಒಟ್ಟುಮಾಡಿ ಶಿರಸಿಯ ಅಂಗಡಿಗಳಿಗೆ ಕಳಿಸುತ್ತಿತ್ತು. ಕಬ್ಬಿನ ಕಾಲ ಮುಗಿದ ಮೇಲೆ ಬೆಲ್ಲದ್ದು. ಅದು ಆಕೆಯ ಕೈಯ ದುಡಿಮೆ, ಗಂಡನ ಹೊಡೆತವೂ ಹೆಚ್ಚಾಗಿ ಆ ದುಡಿಮೆಯ ಹಿಂದೆಯೇ ಬರುತ್ತಿತ್ತು.

ವರದಿ ಕಳಿಸಿ, ಅರ್ಜಿ ಹಾಕಿಸಿ, ಮನೆ ನೋಡಲು ಹೋದೆ. ಜೊತೆಗೆ ಆಕೆಯೂ ಇದ್ದಳು. ಅತ್ತೆ ಬೆಲ್ಲ ನೀರು ಕೊಟ್ಟು ಕೂರಿಸಿದರು, ಗಂಡ ನಮಸ್ಕಾರ ಮಾಡಿದ. ನಾನು ಟೇಪು ಬಿಚ್ಚಿ ಪಡಸಾಲೆಯಿಂದ ಶುರುಮಾಡಿದೆ. ನಡುಮನೆಯ ಕೋಣೆಗಳಿಗೆಲ್ಲ ಒಂದಕ್ಕೊಂದು ಬಾಗಿಲು. ರಾತ್ರಿ ಯಾರು ಬೇಕಾದರೂ ಬರಬಹುದು, ಹಾಗಾಗಿ ಅವು ನನ್ನ ಲೆಕ್ಕದಲ್ಲಿ ಬಿದ್ದುಹೋದವು. ಹಿಂಬದಿಗೆ ಹೋದರೆ ಬಚ್ಚಲಿಗೆ ತಾಗಿ ಒಂದು ಕೋಣೆ ಕಂಡಿತು. ಹತ್ತು ಅಡಿಗೆ ಒಂಬತ್ತು ಅಡಿ. ಒಳಮನೆಗೆ ಬಾಗಿಲೇ ಇಲ್ಲ, ಅಂಗಳಕ್ಕೆ ಮಾತ್ರ ಒಂದು ಬಾಗಿಲು, ಅದಕ್ಕೆ ಒಳಗಿನಿಂದ ಗಟ್ಟಿ ಚಿಲಕ. ಒಂದು ಕಿಟಕಿ. ನೀರು ಆರು ಹೆಜ್ಜೆ. ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಗೂಡಿನಲ್ಲಿ ಒಂದು ತಟ್ಟೆ, ಒಂದು ಲೋಟ. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು ನನಗೆ. ವಾಸಯೋಗ್ಯ, ಚಾಪೆ ತಟ್ಟೆ ಲೋಟ ಇವೆ ಎಂದು ಅಲ್ಲೇ ನಿಂತು ಬರೆದುಕೊಂಡೆ.

ಅತ್ತೆ ಗಲಾಟೆ ಮಾಡುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಆ ಕೋಣೆ ಎಂದದ್ದೇ ಅವರು ಮಗನ ಮುಖ ನೋಡಿ, ಅಲ್ಲಾದರೆ ನಮ್ಮ ಅಭ್ಯಂತರವಿಲ್ಲ ಎಂದುಬಿಟ್ಟರು. ಆಕೆಯನ್ನು ಕೇಳಿದೆ, "ಈ ಖೋಲಿ ಆಗ್ತದೇನ್ರಿ ನಿಮಗ?" ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಅಡ್ಡಿಲ್ಲ ಮೇಡಂ ಎಂದಳು. ಎಲ್ಲರೂ ಒಪ್ಪಿದ ಮೇಲೆ ಇನ್ನೇನು? ಎದುರಿನ ವಕೀಲರೂ ತಕರಾರು ಎತ್ತಲಿಲ್ಲ. ಮೂರನೆಯ ವಾಯಿದೆಗೆ ಸಿದ್ದಾಪುರದ ನ್ಯಾಯಾಲಯದಲ್ಲಿ ಆದೇಶವಾಯಿತು: ನಕ್ಷೆಯಲ್ಲಿ ಗುರುತಿಸಿದ ಕೋಣೆ ತಾಯಿ ಮಗಳಿಗೆ, ಅಲ್ಲಿ ಒಲೆ ಹೂಡಲು ಅಡ್ಡಿ ಮಾಡಬಾರದು, ಹೊಡೆಯಬಾರದು. ನನ್ನ ನಕ್ಷೆ ಆದೇಶದ ಭಾಗವಾಗಿ ಅದರ ಹಿಂದೆ ಸೇರಿಕೊಂಡಿತು. ಆ ಸಂಜೆ ಕಚೇರಿಯವರಿಗೆಲ್ಲ ನನ್ನ ಲೆಕ್ಕದಲ್ಲಿ ಮಿರ್ಚಿ, ಚಹಾ.

ಆಮೇಲೆ ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದೆ. ಹೊಡೆಯುತ್ತಾನೆಯೇ ಎಂದರೆ ಇಲ್ಲ. ಕೋಣೆಯಲ್ಲಿ ಯಾರಾದರೂ ತೊಂದರೆ ಕೊಡುತ್ತಾರೆಯೇ ಎಂದರೆ ಇಲ್ಲ. ಹೇಗಿದ್ದೀರಿ ಎಂದರೆ ಅಡ್ಡಿಲ್ಲ. ನನ್ನ ನಮೂನೆಯಲ್ಲಿ ಇದ್ದ ಪ್ರಶ್ನೆಗಳು ಅಷ್ಟೇ. ಮೂರಕ್ಕೂ ಉತ್ತರ ಸರಿಯಿತ್ತು, ಗುರುತು ಹಾಕಿದೆ.

ಐದನೆಯ ತಿಂಗಳು ಆ ಊರಿನ ಅಂಗನವಾಡಿ ನೋಡಲು ಹೋದಾಗ ಮಹಿಳಾ ಸಂಘದ ಅಧ್ಯಕ್ಷೆ ಅಲ್ಲಿಗೆ ಬಂದಿದ್ದರು. ಮಾತಿಗೆ ಮಾತು ಬಂದು, ಆಕೆಯ ತೊಡದೇವು ಹೇಗೆ ನಡೆದಿದೆ ಎಂದು ಕೇಳಿದೆ. ಅಧ್ಯಕ್ಷೆ ಅಂಗನವಾಡಿ ಕಾರ್ಯಕರ್ತೆಯ ಮುಖ ನೋಡಿದರು. ಅದು ಹೋದ ಬೇಸಿಗೆಗೇ ನಿಂತಿದೆ ಎಂದರು. ಏಕೆ ಎಂದೆ.

"ಎಂತ ಹೇಳೋದು ಮೇಡಂ. ಆ ಕೋಣೆಲಿ ಮಾಡಿದ್ದನ್ನ ಯಾರು ತಿಂತಾರೆ?"

ನನಗೆ ಇನ್ನೂ ತಿಳಿಯಲಿಲ್ಲ. ಆ ಕೋಣೆಗೇನಾಗಿದೆ, ಇಲಿ ಹೆಗ್ಗಣವೇ ಎಂದು ಕೇಳಿದೆ. ಈಗ ನೆನೆದರೆ ಮೈ ಕುಗ್ಗುತ್ತದೆ. ಕಾರ್ಯಕರ್ತೆ ಮಕ್ಕಳನ್ನು ಹೊರಗೆ ಆಡಲು ಕಳಿಸಿ ಬಂದು ಮೆಲ್ಲಗೆ ಹೇಳಿದಳು. ಅದು ಮುಟ್ಟಾದ ಹೆಂಗಸರು ಮೂರು ದಿನ ಕೂರುವ ಕೋಣೆ. ಈಗ ಬಹಳ ಮನೆಗಳಲ್ಲಿ ಆ ಪದ್ಧತಿ ಬಿಟ್ಟಿದ್ದಾರೆ, ಅಂಥ ಕೋಣೆಗಳಲ್ಲಿ ಗೋಣಿಚೀಲ ತುಂಬಿದ್ದಾರೆ. ಈ ಅತ್ತೆ ಬಿಟ್ಟಿರಲಿಲ್ಲ. ಅಲ್ಲಿದ್ದವರನ್ನು ಯಾರೂ ಮುಟ್ಟುವುದಿಲ್ಲ, ಅವರ ಕೈಯ ನೀರು ಕುಡಿಯುವುದಿಲ್ಲ, ನಾಲ್ಕನೆಯ ದಿನ ಮಿಂದು ಒಳಗೆ ಬಂದರೆ ಮುಗಿಯಿತು. ಆ ಚಾಪೆ, ಒಂದೇ ತಟ್ಟೆ, ಒಂದೇ ಲೋಟ ಏಕೆ ಅಲ್ಲಿದ್ದವು ಎಂಬುದು ಆಗ ನನ್ನ ತಲೆಗೆ ಹೊಳೆಯಿತು. ನೀನು ನನಗೆ ಮೊದಲೇ ಹೇಳಬಾರದಿತ್ತೆ ಎಂದು ಕಾರ್ಯಕರ್ತೆಯ ಮೇಲೆ ಹರಿಹಾಯ್ದೆ. ನೀವು ಗೊತ್ತಿದ್ದೇ ಬರೆದದ್ದು ಅಂದುಕೊಂಡೆ, ದೊಡ್ಡವರ ಮಧ್ಯೆ ನಾನೇನು ಹೇಳಲಿ ಎಂದಳು ಅವಳು.

ನಮ್ಮ ಮನೆಯಲ್ಲಿ ಈ ಮಡಿ ಮೈಲಿಗೆಯ ಲೆಕ್ಕವೇ ಇರಲಿಲ್ಲ. ನನ್ನ ಅವ್ವ ಆ ದಿನಗಳಲ್ಲೂ ರೊಟ್ಟಿ ಬಡಿಯುತ್ತಿದ್ದಳು, ಪೂಜೆ ಮಾಡುತ್ತಿದ್ದಳು. ಅದು ನನ್ನ ಅದೃಷ್ಟವೇ ಹೊರತು ನನ್ನ ಯೋಗ್ಯತೆಯಲ್ಲ. ನಾಲ್ಕು ವರ್ಷ ಈ ಸೀಮೆಯ ಮನೆಗಳನ್ನು ಅಡಿ ಅಂಗುಲ ಬಿಡದೆ ಅಳೆದಿದ್ದೆ, ಒಂದು ಕೋಣೆಯಲ್ಲಿ ಯಾರು ಯಾವಾಗ ಏಕೆ ಕೂರುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅಂಗನವಾಡಿಯಿಂದ ನೇರ ಆಕೆಯ ಹತ್ತಿರ ಹೋದೆ. ಗಡಿಗೆಯನ್ನು ಮೂಲೆಯಲ್ಲಿ ಬೋರಲು ಹಾಕಿತ್ತು, ಒಲೆಯಲ್ಲಿ ಬೂದಿಯೂ ಇರಲಿಲ್ಲ. ಊಟ ಒಳಗಿನಿಂದ ಬರುತ್ತದಂತೆ. ಅತ್ತೆ ತಟ್ಟೆಯನ್ನು ಹೊಸ್ತಿಲ ಆಚೆ ಇಟ್ಟು ಹೋಗುತ್ತಾರಂತೆ, ಈಕೆ ಆಮೇಲೆ ಎತ್ತಿಕೊಳ್ಳಬೇಕಂತೆ. ಮಿಂದು ಒಳಗೆ ಹೋದರೆ, ಕೋರ್ಟು ಅಲ್ಲಿಗೆ ಹಾಕಿದೆಯಲ್ಲ, ಅಲ್ಲೇ ಇರು ಎಂದು ತಿರುಗಿಸಿ ಕಳಿಸುತ್ತಾರಂತೆ. ಮೂರು ದಿನದ ನಿಯಮವನ್ನು ನನ್ನ ನಕ್ಷೆ ತೋರಿಸಿ ವರ್ಷದುದ್ದಕ್ಕೂ ಮಾಡಿಕೊಂಡಿದ್ದರು. ಗಂಡ ಹೊಡೆಯುವುದನ್ನು ನಿಜಕ್ಕೂ ಬಿಟ್ಟಿದ್ದ, ಮೈಲಿಗೆಯೆಂದು. ಕಾಗದದ ಪ್ರಕಾರ ಹಿಂಸೆ ಇರಲಿಲ್ಲ, ಒಂದು ಆದೇಶವೂ ಮುರಿದಿರಲಿಲ್ಲ. ಮಗಳು ಎಲ್ಲಿ ಮಲಗುತ್ತಾಳೆ ಎಂದೆ. ಒಳಗೆ, ಅಜ್ಜಿಯ ಹತ್ತಿರ, ಇಲ್ಲಿ ಓದಲು ಬೆಳಕು ಸಾಲುವುದಿಲ್ಲ ಎಂದಳು. ಅದನ್ನು ಬರೆದುಕೊಂಡೆನೇ ಹೊರತು ಹೆಚ್ಚು ಕೇಳಲಿಲ್ಲ.

ನೀವಾದರೂ ಆವತ್ತು ಹೇಳಬಾರದಿತ್ತೇನ್ರಿ ಎಂದೆ. ಆಕೆ ತಲೆ ಎತ್ತಲಿಲ್ಲ.

"ನಿಮಗೆ ಗೊತ್ತಿರ್ತದೆ ಅಂದ್ಕಂಡೆ ಮೇಡಂ. ನೀವೂ ಹೆಂಗಸೇ ಅಲ್ವಾ. ಗಂಡಸರ ಎದುರಿಗೆ ಅದನ್ನ ಹೇಗೆ ಬಾಯಿಬಿಟ್ಟು ಹೇಳೋದು? ಸರ್ಕಾರದವರು ಕೊಡೋದೇ ಇಷ್ಟೇನೋ ಅಂದ್ಕಂಡೆ."

ಒಳಮನೆಯಲ್ಲಿ ಬೇರೆ ಕೋಣೆಗೆ ಆದೇಶ ತಿದ್ದಿಸಲೇ ಎಂದು ಕೇಳಿದರೆ, ಬೇಡವೇ ಬೇಡ ಎಂದಳು. ಒಳಗೆ ಹೋದ ದಿನವೇ ಮೈಲಿಗೆ ಹೋಗುತ್ತದೆ, ಅವನ ಕೈಯೂ ಎದ್ದೇಳುತ್ತದೆ. ಆಕೆಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ಗಂಡನ ಮನೆಯಲ್ಲಿ ಇರಲಾಗದಿದ್ದರೆ ಅವನ ಖರ್ಚಿನಲ್ಲಿ ಬೇರೆ ಮನೆ ಮಾಡಿಕೊಡಿಸಲು ಕಾಯ್ದೆಯಲ್ಲಿ ಅವಕಾಶವಿದೆ, ಪರಿಸ್ಥಿತಿ ಬದಲಾದರೆ ಹಳೆಯ ಆದೇಶವನ್ನು ತಿದ್ದಲೂಬಹುದು. ಕಾನೂನು ನೆರವಿನಿಂದ ಆಕೆಗೆ ಒಬ್ಬ ಚಿಕ್ಕ ವಯಸ್ಸಿನ ವಕೀಲೆ ಸಿಕ್ಕಿದ್ದಳು, ಚುರುಕು. ಅವಳು ಕಡತ ತಿರುವಿ ಹಾಕಿ ನನ್ನ ವರದಿಯ ಪುಟದಲ್ಲಿ ಬೆರಳಿಟ್ಟಳು. 'ಈ ಕೋಣೆಯೇ ಅತ್ಯಂತ ಸೂಕ್ತ' ಎಂದು ನನ್ನ ಕೈಬರಹ, ಕೆಳಗೆ ಸಹಿ, ಮುದ್ರೆ. ಪರಿಸ್ಥಿತಿ ಏನು ಬದಲಾಗಿದೆ ಎಂದು ಎದುರಿನವರು ಕೇಳುತ್ತಾರೆ, ಕೋಣೆ ಅದೇ, ಚಿಲಕ ಅದೇ ಎಂದಳು. ಹಳೆಯ ವರದಿ ತಪ್ಪು ಎಂದು ನೀವೇ ಬರೆದು ಕೊಟ್ಟರೆ ಮಾತ್ರ ಅರ್ಜಿ ನಿಲ್ಲುತ್ತದೆ. ಬರೆದರೆ ನೀವು ನಿಲ್ಲುವುದಿಲ್ಲ, ನಾಳೆ ನಿಮ್ಮ ಪ್ರತಿ ವರದಿಗೂ ಇದನ್ನೇ ಎತ್ತಿ ಹಿಡಿಯುತ್ತಾರೆ ಎಂದೂ ಹೇಳಿದಳು.

ಕಚೇರಿಯ ಹಿರಿಯ ಗುಮಾಸ್ತರು ನನ್ನ ಹಿತ ಬಯಸುವವರೇ. ವರ್ಗಾವಣೆಯ ಕಾಲ ಹತ್ತಿರವಿದೆ, ತಾನಾಗಿ ತನ್ನ ಕಾಲ ಮೇಲೆ ಕಲ್ಲು ಎತ್ತಿ ಹಾಕಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದರು. ಪರಿಸ್ಥಿತಿ ಬದಲಾಗಿದೆ ಎಂದು ಸುಮ್ಮನೆ ಒಂದು ಸಾಲು ಬರೆಯಿರಿ, ಏನು ಬದಲಾಯಿತೆಂದು ಅವರವರೇ ಹೊಡೆದಾಡಿಕೊಳ್ಳಲಿ ಎಂದರು. ನಾಲ್ಕು ದಿನ ನಾನು ಆ ಸಾಲನ್ನು ಬೇರೆ ಬೇರೆ ರೀತಿ ಬರೆದು ನೋಡಿದೆ. ಎಲ್ಲವೂ ಓದಲು ಚೆನ್ನಾಗಿದ್ದವು. ಸುಳ್ಳೆಂದು ಯಾರೂ ಹೇಳುವ ಹಾಗಿರಲಿಲ್ಲ, ಆಕೆಗೆ ಉಪಯೋಗಕ್ಕೂ ಬರುವ ಹಾಗಿರಲಿಲ್ಲ. ನನಗೆ ಹೆದರಿಕೆ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನೌಕರಿಯಲ್ಲಿ ನನಗಿದ್ದ ಒಂದೇ ಹೆಸರು ನನ್ನ ವರದಿಗಳದ್ದು.

ಐದನೆಯ ದಿನ ಬರೆದೆ. 'ಈ ಕೋಣೆಯ ಬಳಕೆಯನ್ನು ವಿಚಾರಿಸದೆ, ಅಳತೆ ಮತ್ತು ಬಾಗಿಲು ಮಾತ್ರ ನೋಡಿ ಶಿಫಾರಸು ಮಾಡಿದ್ದೇನೆ. ನನ್ನ ಹಿಂದಿನ ವರದಿ ತಪ್ಪು. ಅದರಿಂದ ಅರ್ಜಿದಾರಳ ದುಡಿಮೆ ನಿಂತಿದೆ.' ಮುದ್ರೆ ಒತ್ತುವಾಗ ಗುಮಾಸ್ತರು ಬೇರೆ ಕಡೆ ನೋಡುತ್ತಿದ್ದರು.

ಎದುರಿನವರ ತಕರಾರು ಊಹಿಸಿದ ಹಾಗೆಯೇ ಬಂತು. ಆ ಕೋಣೆ ಮೊದಲಿನಿಂದಲೂ ಸಾಮಾನಿಡುವ ಕೋಣೆ, ನಮ್ಮ ಮನೆಯಲ್ಲಿ ಅಂಥ ಯಾವ ಪದ್ಧತಿಯೂ ಇಲ್ಲ, ನಾವು ಓದು ಬರಹ ಬಲ್ಲವರು, ಅಧಿಕಾರಿ ಯಾರದೋ ಮಾತು ಕೇಳಿ ತಿರುಗಿಬಿದ್ದಿದ್ದಾರೆ. ನ್ಯಾಯಾಲಯ ಮತ್ತೊಮ್ಮೆ ಸ್ಥಳ ನೋಡಿ, ಊರಿನ ಇಬ್ಬರು ಪಂಚರ ಎದುರಿಗೆ ಪಂಚನಾಮೆ ಮಾಡಿ ತರಲು ನನಗೇ ಹೇಳಿತು. ಗಂಡನೇ ಇಬ್ಬರನ್ನು ಕರೆದು ತಂದ. ಒಬ್ಬರು ಹಾಲಿನ ಡೈರಿಯ ಕಾರ್ಯದರ್ಶಿ, ಇನ್ನೊಬ್ಬರು ಪಕ್ಕದ ಮನೆಯ ಯಜಮಾನರು, ಎಪ್ಪತ್ತು ದಾಟಿದವರು, ಊರಿನಲ್ಲಿ ಮಾತು ನಡೆಯುವವರು. ಇಬ್ಬರೂ ಅವನ ಕಡೆಯವರೇ. ಒಳಗೆ ನಾಲ್ಕು ಗೋಣಿಚೀಲ ತಂದಿಟ್ಟು, ಚಾಪೆ ತಟ್ಟೆ ಲೋಟ ಎತ್ತಿಬಿಟ್ಟಿದ್ದರು, ಆಕೆಯನ್ನು ಬಚ್ಚಲ ಕಡೆಗೆ ಕಳಿಸಿದ್ದರು. ನೋಡಿದವರು ಸಾಮಾನಿನ ಕೋಣೆಯೆಂದೇ ಸಹಿ ಮಾಡಬೇಕು.

ನಾನು ಒಳಗೆ ಹೋಗಿ ಅಳತೆ ಶುರುಮಾಡಿದೆ. ಪಂಚರು ಒಳಗೆ ಬಂದು ಕಣ್ಣಾರೆ ನೋಡಬೇಕು, ಅದು ಕ್ರಮ. ತಿರುಗಿ ನೋಡಿದರೆ ಇಬ್ಬರೂ ಅಂಗಳದಲ್ಲಿ, ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದರು. "ಒಳಗ ಬರ್ರಿ, ನೋಡಿ ಸಹಿ ಮಾಡಬೇಕ್ರಿ" ಎಂದೆ. ಡೈರಿಯವರು ಇಲ್ಲಿಂದಲೇ ಎಲ್ಲ ಕಾಣುತ್ತದೆ ಎಂದರು. ನಾನು ಯಜಮಾನರನ್ನು ನೋಡಿದೆ. ಅವರು ಕೈ ಹಿಂದೆ ಕಟ್ಟಿಕೊಂಡು ಶಾಂತವಾಗಿ ಹೇಳಿದರು:

"ನಾನು ಅಲ್ಲಿ ಕಾಲಿಡೋದಿಲ್ಲ ಮೇಡಂ. ಇಟ್ರೆ ಮನೆಗೆ ಹೋಗಿ ಮೀಯಬೇಕಾಗ್ತದೆ. ಇವತ್ತು ಮನೆಯಲ್ಲಿ ಪೂಜೆ ಉಂಟು."

ನಾನು ಟೇಪು ಸುತ್ತಿಟ್ಟೆ, ಹೊಸ್ತಿಲ ಮೇಲೆ ಕೂತು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಪಂಚನಾಮೆಯಲ್ಲಿ ಬರೆದೆ. ಪಂಚರು ಕೋಣೆಯೊಳಗೆ ಬರಲು ಒಪ್ಪಲಿಲ್ಲ, ಬಂದರೆ ಮೀಯಬೇಕಾಗುತ್ತದೆ ಎಂದು ಕಾರಣ ಹೇಳಿದರು. ಓದಿಯೂ ಹೇಳಿದೆ. ಡೈರಿಯವರು ಫೋನು ಬಂತೆಂದು ಗೇಟಿನ ಕಡೆಗೆ ಹೋದವರು ಮರಳಿ ಬರಲಿಲ್ಲ. ಗಂಡನಿಗೆ ಈಗ ಅರ್ಥವಾಗಿತ್ತು. ಯಜಮಾನರು ಪೆನ್ನಿಗೆ ಕೈ ಚಾಚುವಾಗ ಅವನು ಅಡ್ಡ ಬಂದು ತಡೆದ.

"ಮಾವ, ಸಹಿ ಮಾಡಡಿ."

ಯಜಮಾನರಿಗೆ ಸಿಟ್ಟು ಬಂತು. "ಎಂತಕ್ಕೆ ಮಾಡ್ಲಾಗ? ಆನು ಸುಳ್ಳು ಹೇಳಿದ್ನಿಲ್ಲೆ. ಒಳಗೆ ಹೋಯ್ದ್ನಿಲ್ಲೆ ಅಂದ್ರೆ ಹೋಯ್ದ್ನಿಲ್ಲೆ, ಬರಕಳ್ಳಲಿ."

ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ತಮ್ಮ ಪೂರ್ತಿ ಹೆಸರು ಬರೆದರು. ಆಕೆಗೆ ಉಪಕಾರ ಮಾಡಬೇಕೆಂದಲ್ಲ. ತಾನು ಆಚಾರ ಕೆಡಿಸಿಕೊಳ್ಳಲಿಲ್ಲ ಎಂಬುದು ಸರ್ಕಾರದ ಕಾಗದದಲ್ಲಿ ಇರಲಿ ಎಂಬ ಹೆಮ್ಮೆ ಅದು. ಸಾಮಾನಿನ ಕೋಣೆಗೆ ಕಾಲಿಟ್ಟವರು ಮೀಯಬೇಕಾಗಿಲ್ಲವಲ್ಲ ಎಂದು ಮುಂದಿನ ವಾಯಿದೆಯಲ್ಲಿ ವಕೀಲೆ ಕೇಳಿದ್ದು ಇಷ್ಟೇ. ಎದುರಿನವರು ಬಹಳ ಮಾತಾಡಿದರು, ಆ ಸಹಿಯನ್ನು ದಾಟಿ ಹೋಗಲು ಅವರಿಗೆ ಆಗಲಿಲ್ಲ.

ಆದೇಶ ತಿದ್ದುಪಡಿಯಾಯಿತು. ಶಿರಸಿಯಲ್ಲಿ ತಾಯಿ ಮಗಳಿಗೆ ಬಾಡಿಗೆ ಮನೆ, ಬಾಡಿಗೆ ಗಂಡನದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಈ ಪೂಜಾರಿಗಳು ಶಿರಸಿಯ ಓಣಿ ಓಣಿಯಲ್ಲಿದ್ದರು. ರಜಾ ದಿನಗಳಲ್ಲಿ ನಾನೂ ಆಕೆಯೂ ಮನೆ ಹುಡುಕಿದೆವು. ಮೊದಲ ಪ್ರಶ್ನೆ, ಯಜಮಾನರು ಎಲ್ಲಿರುತ್ತಾರೆ. ಇಲ್ಲ ಎಂದರೆ ಮನೆ ನಿನ್ನೆಯೇ ಹೋಯಿತು. ಒಬ್ಬರು, ನೀವು ಬಾಡಿಗೆಗೆ ಇದ್ದರೆ ಕೊಡುತ್ತೇವೆ ಮೇಡಂ, ಅವರಿಗೆ ಬೇಡ ಎಂದರು. ಇನ್ನೊಬ್ಬರು ಒಲೆಯ ಮಾತು ಎತ್ತಿದ್ದೇ ಬಾಗಿಲು ಮುಂದೆ ಮಾಡಿದರು. ಗಂಡ ಊರಲ್ಲಿ ಇಲ್ಲ, ಹೊರದೇಶದಲ್ಲಿದ್ದಾನೆ ಎಂದುಬಿಡೋಣವೇ ಎಂದು ನನಗೂ ಬಾಯಿತುದಿಗೆ ಬಂದಿತ್ತು. ಆಕೆಯೇ ಬೇಡವೆಂದಳು, ಆಮೇಲೆ ಯಾರೋ ಕೋರ್ಟಿನಲ್ಲಿ ಅದನ್ನೂ ಹಿಡಿಯುತ್ತಾರೆ ಎಂದಳು. ನನಗಿಂತ ಬೇಗ ಕಲಿತಿದ್ದಳು.

ಕೊನೆಗೆ ಲಾರಿಗಳು ನಿಲ್ಲುವ ಒಂದು ವಠಾರದ ಹಿಂದೆ ಎರಡು ಕೋಣೆ ಸಿಕ್ಕಿದವು. ಮಾಲಕಿ ಲಾರಿ ಇಟ್ಟುಕೊಂಡಿದ್ದ ಮನೆತನದ ವಿಧವೆ, ಮುಸಲ್ಮಾನರು. ಅವರೂ ಗಂಡನ ವಿಷಯ ಕೇಳಿದರು, ಆದರೆ ಅವನು ಬಂದು ಗದ್ದಲ ಮಾಡುತ್ತಾನೆಯೇ ಎಂದು ಕೇಳಿದರು. ಮಾಡಬಹುದು ಎಂದೆ. ಬಂದರೆ ಬರಲಿ, ನಮ್ಮ ಡ್ರೈವರುಗಳು ಸುಮ್ಮನೆ ಕೂತು ಇಸ್ಪೀಟಾಡುತ್ತಾರೆ, ಅವರಿಗೂ ಒಂದು ಕೆಲಸವಾಗಲಿ ಎಂದರು. ಒಲೆಯ ಹೊಗೆಗೆ ನಿಮ್ಮ ಅಭ್ಯಂತರವಿಲ್ಲವೇ ಎಂದರೆ, ಮೂವತ್ತು ವರ್ಷ ಡೀಸೆಲ್ ಹೊಗೆ ಕುಡಿದವಳಿಗೆ ಇದು ಊದಿನಕಡ್ಡಿ ಎಂದು ನಕ್ಕರು. ಜೊತೆಗೆ ಆಕೆಯೂ ನಕ್ಕಳು. ಆ ಇಡೀ ವರ್ಷದಲ್ಲಿ ಆಕೆ ನಕ್ಕದ್ದನ್ನು ನಾನು ನೋಡಿದ್ದು ಆವತ್ತು ಮಾತ್ರ.

ಇದು ಗೆದ್ದ ಕಥೆಯಲ್ಲ. ಗಂಡ ಮೇಲ್ಮನವಿ ಹಾಕಿದ್ದಾನೆ, ಬಾಡಿಗೆ ಯಾವ ತಿಂಗಳು ನಿಲ್ಲುತ್ತದೋ ಹೇಳಲಾಗದು. ಊರಿನ ಮಹಿಳಾ ಸಂಘ ಆಕೆಯ ಹೆಸರು ತೆಗೆದುಹಾಕಿದೆ. ಅಂಗಡಿಗಳು ಆ ನಡುವೆ ಬೇರೆಯವರಿಂದ ತೊಡದೇವು ತರಿಸಿಕೊಳ್ಳತೊಡಗಿದ್ದವು, ಈಗ ಒಂದು ಅಂಗಡಿ ಮಾತ್ರ, ನೋಡೋಣ, ಸ್ವಲ್ಪ ತನ್ನಿ ಎಂದಿದೆ. ನನ್ನ ಬೇರೆ ಪ್ರಕರಣಗಳಲ್ಲಿ ಎದುರಿನ ವಕೀಲರು ಆ ಎರಡನೆಯ ವರದಿಯ ನಕಲು ಹಿಡಿದು ಬರುತ್ತಾರೆ. ನೀವೇ ತಪ್ಪೆಂದು ಬರೆದುಕೊಟ್ಟವರಲ್ಲವೇ ಎನ್ನುತ್ತಾರೆ. ಹೌದು ಎನ್ನುತ್ತೇನೆ. ಒಂದು ಪ್ರಕರಣ ಅದರಿಂದಲೇ ಬಿದ್ದುಹೋಯಿತು, ಆ ಹೆಂಗಸು ಈಗ ನನ್ನ ಫೋನು ಎತ್ತುವುದಿಲ್ಲ.

ಮಗಳನ್ನು ಕರೆತರಲು ಮಾತ್ರ ನಾನೇ ಹೋದೆ. ಶಾಲೆಯ ವರ್ಗಾವಣೆ ಪತ್ರ, ಬಟ್ಟೆಯ ಗಂಟು, ಒಂಬತ್ತು ವರ್ಷದ ಹುಡುಗಿ. ಅಜ್ಜಿ ಬಾಗಿಲಿಗೆ ಬರಲಿಲ್ಲ. ಬಸ್ಸಿನಲ್ಲಿ ಹುಡುಗಿ ಕಿಟಕಿಯ ಬದಿಗೆ ಒತ್ತಿ ಕೂತಿತ್ತು, ಕೇಳಿದ್ದಕ್ಕೆಲ್ಲ ಹೂಂ ಎಂದಿತು. ವಠಾರಕ್ಕೆ ಬಂದಾಗ ಆಕೆ ಹಿಂದಿನ ಕೋಣೆಯಲ್ಲಿ ಗಡಿಗೆ ಕಾಯಿಸಿ ಕೂತಿದ್ದಳು, ಎರಡೂ ಕೈ ಹಿಟ್ಟು. ಹುಡುಗಿ ಬಾಗಿಲಲ್ಲೇ ನಿಂತಿತು. ಎಂಟು ತಿಂಗಳು ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ಮುಟ್ಟದೆ ಇದ್ದವರು, ಓಡಿ ಹೋಗಿ ಅಪ್ಪಿಕೊಳ್ಳುತ್ತಾರೆಂದು ನಾನೇಕೆ ಅಂದುಕೊಂಡಿದ್ದೆನೋ. ಎದ್ದರೆ ಗಡಿಗೆಯ ಮೇಲಿನ ಹಾಳೆ ಸುಡುತ್ತದೆ, ಅದಕ್ಕೇ ಆಕೆ ಬಾಗಿಲ ಪಕ್ಕದಲ್ಲಿದ್ದ ಬಟ್ಟೆ ಕೊಡು ಎಂದಳು. ಹುಡುಗಿ ಬಟ್ಟೆ ಎತ್ತಿಕೊಂಡು ಬಂದು, ತಾಯಿಯ ಕೈಗೆ ಕೊಡದೆ, ಒಂದು ಮಾರು ದೂರದಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿಯಿತು. ಅದರಲ್ಲಿ ಅಸಹ್ಯವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ರೂಢಿಯಾಗಿತ್ತು, ಅಷ್ಟೆ.

ಆಕೆ ಬಟ್ಟೆ ಎತ್ತಿಕೊಳ್ಳಲಿಲ್ಲ. ಗಡಿಗೆಯ ಮೇಲಿನ ಹಾಳೆ ಕರಿಯಾಗುತ್ತಿತ್ತು.

"ಕೈಯಲ್ಲೇ ಕೊಡು ತಂಗಿ," ಎಂದಳು ಮಗಳಿಗೆ.

"ಮುಟ್ಟಿದ್ರೆ ಮೀಯವಾ ಆಯಿ?"

"ಮೀಯದು ಬ್ಯಾಡ. ಬಾ."

ಹುಡುಗಿ ಹೋಗಲಿಲ್ಲ. ತಿರುಗಿ ನನ್ನ ಮುಖ ನೋಡಿತು. ಅಮ್ಮನನ್ನು ಆ ಕೋಣೆಗೆ ಹಾಕಿದ್ದು ಶಿರಸಿಯ ಮೇಡಂ ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದರು, ಅದು ನಿಜವೂ ಆಗಿತ್ತು. ಹಾಗಾಗಿ ಈಗ ಅಪ್ಪಣೆ ಕೊಡಬೇಕಾದವಳೂ ನಾನೇ ಎಂದು ಮಗು ಕಾಯುತ್ತಿತ್ತು. ಆಕೆಯೂ ನನ್ನನ್ನೇ ನೋಡಿದಳು. ಮುಟ್ಟು ಪುಟ್ಟಿ, ಏನೂ ಆಗುವುದಿಲ್ಲ ಎಂದೆ. ನಾನು ಹೇಳಿದ ಮೇಲೆಯೇ ಅವಳು ಹೋಗಿ ತಾಯಿಯ ಕೈ ಮುಟ್ಟಿದ್ದು. ನೌಕರಿಯಲ್ಲಿ ನಾನು ಕೊಟ್ಟ ಯಾವ ಅನುಮತಿಗೂ ನನಗೆ ಅಷ್ಟು ನಾಚಿಕೆಯಾಗಿಲ್ಲ.